ಮೌಸಿಗೂ ಬ್ಲೌಸಿಗೂ ಅಳತೆ

ಹೊಲಿಗೆ ಅಂಗಡಿ, ಕಟಿಂಗ್ ಮೇಜಿನಿಂದ
ಮಾರ್ಚ್ ೯, ಭಾನುವಾರ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ರೂಮಿನ ಶಾಖಕ್ಕೆ ಬೆನ್ನಿಗೆಲ್ಲ ಬೆವರುಗುಳ್ಳೆ ಎದ್ದಿತ್ತಲ್ಲ, ಇಳಿಯಿತೆ? ಪುಡಿ ಹಾಕಿಕೊಳ್ಳಿ, ಹಾಕಿಕೊಳ್ಳದೆ ಹಾಕಿಕೊಂಡೆ ಅಂತ ಬರೆಯಬೇಡಿ. ನಾವು ಚೆನ್ನಾಗಿದ್ದೇವೆ. ನನ್ನ ಸೊಂಟ ಇದ್ದಲ್ಲೇ ಇದೆ, ನೋವೂ ಅದನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ.

ಹೊರಡುವ ದಿನ ಬಾಗಿಲಲ್ಲಿ ನಿಂತು, "ನಾನು ಬರೋಷ್ಟರಲ್ಲಿ ಆ ಆಟದ ಸಾಮಾನು ಓದೋ ಮೇಜು ಬಿಟ್ಟಿರಬೇಕು" ಅಂದಿರಿ. ಬಿಟ್ಟಿದೆ. ಕೀಬೋರ್ಡು, ಮೌಸು ಎಲ್ಲ ಈಗ ನನ್ನ ಕಟಿಂಗ್ ಮೇಜಿನ ಮೇಲಿದೆ. ಸಿಟ್ಟು ಮಾಡಿಕೊಳ್ಳುವ ಮುಂಚೆ ಪೂರ್ತಿ ಓದಿ. ಮಗಳ ಕಾಲೇಜಿನಲ್ಲಿ ಕಂಪ್ಯೂಟರ್ ಆಟಕ್ಕೆ ತಂಡ ಕಟ್ಟುತ್ತಿದ್ದಾರೆ, ಐದೇ ಜನ. ಇವಳಿಗೆ ಅದರಲ್ಲಿ ಸೇರಲೇಬೇಕು. ತೊಡಕು ಎಡಗೈ ಕಿರುಬೆರಳಿನದು. ವಾಲಿಬಾಲಿನಲ್ಲಿ ಮುರಿದ ಮೇಲೆ ಅದು ಸರಿಯಾಗಿ ಮಡಚುವುದಿಲ್ಲ, ನಿಮಗೇ ಗೊತ್ತು. ಈ ಆಟದಲ್ಲಿ ಓಡುವುದಕ್ಕೂ ಬಗ್ಗಿ ಕೂರುವುದಕ್ಕೂ ಕೀಬೋರ್ಡಿನ ಮೂಲೆಯ ಗುಂಡಿಗಳನ್ನು ಅದೇ ಬೆರಳು ಒತ್ತಬೇಕು. ಇವಳು ಒತ್ತುವಷ್ಟರಲ್ಲಿ ಎದುರಿನವನು ಗುಂಡು ಹಾರಿಸಿ ಆಗಿರುತ್ತದೆ. ತಂಡದ ನಾಯಕಿ, "ಬೆರಳು ಬಗ್ಗದವಳಿಗೆ ಬೆಂಚೇ ಗತಿ ಕಣೇ" ಅಂದಳಂತೆ. ಇವಳು ಮನೆಗೆ ಬಂದು ಊಟ ಬೇಡ ಅಂದಳು. ನಿಮ್ಮ ಮಗಳು ಊಟ ಬೇಡ ಅನ್ನುವುದು ಸಣ್ಣ ಸಂಗತಿಯೆ?

ನನಗೆ ಆಟ ತಿಳಿಯದು. ಆದರೆ ಒಂದು ಭುಜ ಇಳಿದಿರುವ ಗಿರಾಕಿಗೆ, ಭುಜ ಸರಿಮಾಡಿಕೊಂಡು ಬನ್ನಿ ಅಂತ ಯಾವ ದರ್ಜಿಯೂ ಹೇಳುವುದಿಲ್ಲ, ಅಂಗಿಯನ್ನೇ ಇಳಿಸಿ ಹೊಲಿಯುತ್ತೇವೆ. ಟೇಪು ಹಿಡಿದು ಅವಳ ಎರಡೂ ಅಂಗೈ ಅಳೆದೆ. ಬೆರಳು ಸಲೀಸಾಗಿ ಮುಟ್ಟುವ ಗುಂಡಿಗಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಮೌಸಿನ ಪಕ್ಕದಲ್ಲಿ, ಹೆಬ್ಬೆರಳ ಬಳಿ, ಎರಡು ಗುಂಡಿಗಳು ನಮ್ಮ ಮನೆಗೆ ಬಂದ ನಿಮ್ಮ ತಮ್ಮಂದಿರ ಹಾಗೆ ಕೆಲಸವಿಲ್ಲದೆ ಕೂತಿದ್ದವು. ಯಾವ ಗುಂಡಿಗೆ ಯಾವ ಕೆಲಸ ಅಂತ ಕಂಪ್ಯೂಟರಿನಲ್ಲೇ ಬದಲಿಸಬಹುದಂತೆ. ಓಟವನ್ನು ಒಂದಕ್ಕೆ, ಕೂರುವುದನ್ನು ಇನ್ನೊಂದಕ್ಕೆ ವಹಿಸಿದೆವು. ಜಾರದಿರಲೆಂದು ಮೌಸಿನ ಪಕ್ಕೆಗೆ ಕೋಟಿನ ಬಟ್ಟೆಯ ಚೂರೂ ಅಂಟಿಸಿದೆ. ಮೌಸಿಗೂ ಬ್ಲೌಸಿಗೂ ನನ್ನ ಕೈಯಲ್ಲಿ ಭೇದವಿಲ್ಲ.

ಇನ್ನು ನನ್ನ ಘನಕಾರ್ಯ ಕೇಳಿ. ಮೌಸಿನ ವೇಗ ಎಷ್ಟಿಡಲಿ ಅಂತ ಇವಳು ಕೇಳಿದ್ದಕ್ಕೆ, "ಜಾಸ್ತಿಯೇ ಇಡು, ಕೈ ಪಳಗಿದ ಹಾಗೆ ಸರಿಹೋಗುತ್ತೆ" ಅಂದೆ. ಮಕ್ಕಳು ಬೆಳೆಯುತ್ತಾರೆಂದು ಯೂನಿಫಾರಮ್ಮಿನ ಒಳಗೆ ಬಟ್ಟೆ ಬಿಟ್ಟು ಹೊಲಿಯುವವಳಲ್ಲವೆ ನಾನು! ಮರುದಿನ ಕಾಲೇಜಿನಲ್ಲಿ ಕೈ ಒಂಚೂರು ಅಲುಗಿದರೂ ಇವಳ ಗುರಿ ಆಕಾಶಕ್ಕೆ ಹಾರಿತಂತೆ. ಎಲ್ಲರೆದುರು ಗೋಡೆಗೆ ಗುಂಡು ಹೊಡೆದು ಬಂದಳು. "ಅಮ್ಮಾ, ಮುಂದಿನ ವರ್ಷಕ್ಕೆ ಸರಿಹೋಗೋಕೆ ಇದೇನು ಯೂನಿಫಾರಮ್ಮಾ? ಇವತ್ತಿನ ಕೈಗೆ ಹೊಲಿ!" ಅಂತ ಕೂಗಾಡಿದಳು. ಹೇಳಿದ್ದು ಸರಿ, ಹೇಳಿದ ರೀತಿ ನಿಮ್ಮದು. ಆಮೇಲೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವ ಹಾಗೆ, ಸ್ವಲ್ಪ ಸ್ವಲ್ಪವೇ ವೇಗ ಇಳಿಸುತ್ತ ಬಂದೆವು. ಅವಳು ಪರದೆ ನೋಡುತ್ತಿದ್ದಳು, ನಾನು ಅವಳ ಮಣಿಕಟ್ಟು. ಮಣಿಕಟ್ಟು ಸೆಟೆದರೆ ಇನ್ನೂ ಇಳಿಸು ಅನ್ನುತ್ತಿದ್ದೆ, ಸಡಿಲವಾದ ಕಡೆ ನಿಲ್ಲಿಸಿದೆವು.

ಆಯ್ಕೆಯ ದಿನ ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಯಾರು ಸತ್ತರು, ಯಾರು ಬದುಕಿದರು, ಒಂದೂ ತಿಳಿಯಲಿಲ್ಲ. ಆಟ ಮುಗಿದ ಮೇಲೆ ಅದೇ ನಾಯಕಿ ಎದ್ದು ಬಂದು, ಮೌಸು ತಿರುಗಿಸಿ ನೋಡಿ, "ಯಾರೇ ಸೆಟ್ ಮಾಡಿದ್ದು?" ಅಂದಳು. "ನಮ್ಮ ಟೈಲರ್" ಅಂದಳು ನಿಮ್ಮ ಮಗಳು, ನನ್ನ ಕಡೆ ತಿರುಗಿಯೂ ನೋಡದೆ. ರೀ, ನನ್ನ ಪದವಿ ಪತ್ರ ಕೈಗೆ ಬಂದ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಹೊಟ್ಟೆ ತುಂಬ ಉಣ್ಣಿ, ಕಣ್ಣು ತುಂಬ ನಿದ್ದೆ ಮಾಡಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮವಳು

ತಾ.ಕ.: ಬರೆಯಬೇಕಾದ್ದನ್ನೇ ಬಿಟ್ಟೆ. ಇವಳು ತಂಡಕ್ಕೆ ಆಯ್ಕೆಯಾದಳು! ಬೇರೆ ಊರಿಗೆ ಆಡಲು ಕರೆದುಕೊಂಡು ಹೋಗುವುದಕ್ಕೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಕಾಲೇಜಿಗೆ ಫೋನಿನಲ್ಲಿ ಒಪ್ಪಿಗೆ ಹೇಳಿದರೆ ಸಾಕಂತೆ. ನಾನು ಹೇಳೋಣವೆಂದು ಫೋನ್ ಎತ್ತಿದರೆ ಕಿತ್ತುಕೊಂಡಳು. "ಅಪ್ಪನೇ ಹೇಳಬೇಕು, ಇಲ್ಲದಿದ್ದರೆ ನಾನು ಹೋಗಲ್ಲ" ಅನ್ನುತ್ತಾಳೆ. ಬಂದರು ಮುಟ್ಟಿದ ಕೂಡಲೇ, ಕಾಲೇಜಿಗೂ ಮುಂಚೆ, ಅವಳಿಗೇ ಫೋನ್ ಮಾಡಿ. ಬೈಯುವುದಿದ್ದರೆ ಆಮೇಲೆ ನನಗೆ ಬೈಯಿರಿ, ಮೊದಲು ಅವಳಿಗೆ ಹೂಂ ಅನ್ನಿ.