ಟೈಲರಮ್ಮನ ಬಲಗೆನ್ನೆ

ಮಾರ್ಚ್ ೩, ಸೋಮವಾರ

ಬೆಳಿಗ್ಗೆಯಿಂದ ಹನ್ನೊಂದು ಪಾಸ್‌ಪೋರ್ಟ್ ಫೋಟೊ. ಎಲ್ಲರಿಗೂ ಬೆಳ್ಳಗೆ ಕಾಣಬೇಕು. ಮಾಡಿಕೊಟ್ಟೆ. ಮಾವ ಸ್ಟೂಲಿನ ಮೇಲೆ ಕೂತು ಗೊಣಗಿದರು — "ಅವರ ಮನೆ ನಾಯಿಗೂ ಗುರುತು ಸಿಗಲ್ಲ ಕಣಮ್ಮ." ನಲವತ್ತು ವರ್ಷ ಈ ಸ್ಟುಡಿಯೊ ನಡೆಸಿದವರು, ಮಾತಾಡಲಿ. ನನ್ನ ಕೇಳಿದರೆ, ಒಳ್ಳೆಯ ಫೋಟೊ ಅಂದರೆ ತೆಗೆಸಿಕೊಂಡವರ ದೃಷ್ಟಿ ಅವರಿಗೇ ತಾಗುವಂತಿರಬೇಕು.

ಮಧ್ಯಾಹ್ನ ಎದುರಂಗಡಿಯ ಟೈಲರಮ್ಮ ಬಂದರು. ಮೊದಲ ಸಲ. ದೂರದಲ್ಲಿರುವ ಮಗಳಿಗೆ ಕಳಿಸಬೇಕಂತೆ. ಬಲಗೆನ್ನೆಯಲ್ಲಿ ಸುಟ್ಟ ಗುರುತು. ಆ ಮಗಳು ಮಗುವಾಗಿದ್ದಾಗ ಇಸ್ತ್ರಿಪೆಟ್ಟಿಗೆಯ ವೈರ್ ಎಳೆದಳಂತೆ, ಇವರು ಅಡ್ಡ ಹೋಗಿ ಆದದ್ದು.

"ಇದನ್ನ ಮಾತ್ರ ತೆಗೀಬೇಡಮ್ಮ. ಚಿಕ್ಕವಳಿದ್ದಾಗ ಇದರ ಮೇಲೆ ಬೆರಳಿಟ್ಕೊಂಡ್ರೇನೇ ಅವಳಿಗೆ ನಿದ್ದೆ."

ಹೂಂ ಎಂದೆ.

ಮಾರ್ಚ್ ೪

ಕಂಪ್ಯೂಟರಿನಲ್ಲಿ ಆ ಗುರುತು ತೆಗೆದೆ. ಕೈ ಸುಮ್ಮನಿರಬೇಕಲ್ಲ! ಹತ್ತು ವರ್ಷ ಚಿಕ್ಕವರಾದರು. ನೋಡಿದರೆ ಖುಷಿಪಟ್ಟೇ ಪಡುತ್ತಾರೆ. ಮಾವನಿಗೆ ತೋರಿಸಲಿಲ್ಲ. ಸ್ಕೂಲಿನ ಗ್ರೂಪ್ ಫೋಟೊ ಇತ್ತು, ಕ್ಯಾಮೆರಾ ಕಾರ್ಡ್ ಖಾಲಿ ಮಾಡಿಕೊಂಡೆ.

ಮಾರ್ಚ್ ೧೯

ಬರೆಯಲು ಮನಸ್ಸೇ ಇರಲಿಲ್ಲ. ಟೈಲರಮ್ಮ ಹೋಗಿಬಿಟ್ಟರು. ಹಾರ್ಟ್... ಮೆಷಿನ್ ಮುಂದೆ ಕೂತಲ್ಲೇ. ಫೋಟೊ ಒಯ್ಯಲು ಬರಲೇ ಇಲ್ಲ.

ಇವತ್ತು ಮಗಳು ಬಂದಿದ್ದಳು. ಕಣ್ಣು ಊದಿತ್ತು. "ಇರೋ ಹಾಗೇ ತೆಗೆಸಿದೀನಿ ಅಂತ ಅಮ್ಮ ಫೋನಲ್ಲಿ ಹೇಳಿದ್ರು. ಬೇರೆ ಯಾವ ಫೋಟೊದಲ್ಲೂ ಆ ಕೆನ್ನೆ ತೋರಿಸಿಲ್ಲ ಅಕ್ಕಾ. ಇದೊಂದೇ. ದೊಡ್ಡದು ಮಾಡಿಕೊಡಿ."

ನಾಳಿದ್ದು ಬಾ ಎಂದೆ.

ತಿದ್ದಿದ್ದನ್ನು ಹಳೆಯದರ ಮೇಲೇ ಸೇವ್ ಮಾಡಿದ್ದೇನೆ. ಮೂಲ ಎಲ್ಲೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು...

ಮಾರ್ಚ್ ೨೦

ಮಾವನಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದ್ದದ್ದನ್ನ ಇದ್ದ ಹಾಗೆ ಅವಳಿಗೆ ಹೇಳ್ಬಿಡು" ಅಂದರು, ಅಷ್ಟೇ. ಯಾವ ಮುಖ ಇಟ್ಟುಕೊಂಡು ಹೇಳಲಿ?

ಗುರುತನ್ನು ಮತ್ತೆ ಬರೆಯಲು ಕೂತೆ. ಒಂದು ಗಂಟೆ ಅದನ್ನೇ ದಿಟ್ಟಿಸುತ್ತ ಅಳಿಸಿದವಳು ನಾನು. ಕಣ್ಣಿನ ಕೆಳಗಿತ್ತೋ, ತುಟಿಯ ಹತ್ತಿರವೋ — ನೆನಪಿಲ್ಲ. ಆಕೆಯನ್ನು ನಾನು ನೋಡಿಯೇ ಇರಲಿಲ್ಲ. ಕಣ್ಣಿನ ಕೆಳಗೆ ಅಂದಾಜಿನಲ್ಲಿ ಬರೆದೆ. ಚೆನ್ನಾಗಿಯೇ ಬಂದಿದೆ. ಅದಕ್ಕೇ ಇನ್ನಷ್ಟು ನಾಚಿಕೆ.

ಮಾರ್ಚ್ ೨೧, ಬೆಳಿಗ್ಗೆ ೧೧.೪೦

ಈಗಷ್ಟೇ ಬಂದು ಹೋದಳು. ಫೋಟೊ ಕೈಗೆ ಕೊಟ್ಟೆ. ಅವಳ ಬೆರಳು ತಾನಾಗಿ ಫೋಟೊದಲ್ಲಿನ ಕೆನ್ನೆಗೆ ಹೋಯಿತು — ನಾನು ಬರೆದ ಜಾಗಕ್ಕಲ್ಲ. ಎರಡಂಗುಲ ಕೆಳಗೆ, ದವಡೆಯ ಹತ್ತಿರ. ಅಲ್ಲೇ ನಿಂತಿತು. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿಕೊಂಡಳು.

"ನೋಡಿ ಅಕ್ಕಾ, ನನಗೇ ಮರ್ತುಹೋಗಿದೆ. ಎಂಥ ಮಗಳು ನಾನು!"

ಫೋಟೊ ಕವರಿಗೆ ಹಾಕಿಕೊಟ್ಟೆ. ಥ್ಯಾಂಕ್ಸ್ ಬೇರೆ ಹೇಳಿ ಹೋದಳು.

ಮಾವ ನನ್ನ ಕಡೆ ನೋಡುತ್ತಿಲ್ಲ. ಗಾಜಿನಾಚೆ ಕಾಣುತ್ತಿದ್ದಾಳೆ. ಫೋಟೊ ಕಂಕುಳಲ್ಲಿಟ್ಟುಕೊಂಡು ಅಮ್ಮನ ಅಂಗಡಿಯ ಬೀಗ ತೆಗೆಯುತ್ತಿದ್ದಾಳೆ. ಬೀಗ ಬರುತ್ತಿಲ್ಲ. ಇನ್ನೂ ಹೊರಗೇ ಇದ್ದಾಳೆ. ಆ ಫೋಟೊ ಗೋಡೆಗೆ ಹಾಕುವ ಮೊದಲು ಹೋಗಿ ಇದ್ದದ್ದನ್ನು —