ಮಸ್ಕತ್ತಿನಲ್ಲಿ ಉಣ್ಣೆಯ ಟೋಪಿ

ದೊಡ್ಡಬಳ್ಳಾಪುರ
ವೈಶಾಖ ಬಹುಳ ಪಂಚಮಿ, ಬುಧವಾರ

ನನ್ನ ಮಗಳು ಚಿರಂಜೀವಿ ಸೌಭಾಗ್ಯವತಿ ಕೀರ್ತನಾ,

ಸುಬ್ರಹ್ಮಣ್ಯಸ್ವಾಮಿಯ ಅನುಗ್ರಹದಿಂದ ನೀನೂ, ಅಳಿಯಂದಿರಾದ ದೇವೇಂದ್ರರೂ, ನಮ್ಮ ಷಣ್ಮುಖನೂ ಮಸ್ಕತ್ತಿನಲ್ಲಿ ಸುಖವಾಗಿರುವಿರೆಂದು ನಂಬಿ ಈ ಕಾಗದವನ್ನು ಆರಂಭಿಸಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಮಗುವನ್ನು ಒಂದೇ ಸೊಂಟದಲ್ಲಿ ಹೊತ್ತು ಅಡುಗೆ ಮಾಡಬೇಡವೆಂದು ನಿನ್ನ ತಾಯಿ ಬರೆಯಹೇಳಿದ್ದಾಳೆ. ನೆರೆಮನೆಯ ಕೇರಳದ ಹೆಂಗಸು ಮಧ್ಯಾಹ್ನ ಕೂಸನ್ನು ನೋಡಿಕೊಳ್ಳುವಳೆಂದು ಕೇಳಿ ನೆಮ್ಮದಿಯಾಯಿತು; ತವರು ದೂರವಿರುವ ನಾಡಿನಲ್ಲಿ ಬಾಗಿಲು ತಟ್ಟಲು ಒಂದು ಮನೆಯಿರುವುದು ಸಾಮಾನ್ಯ ಭಾಗ್ಯವಲ್ಲ. ಇಲ್ಲಿ ನಾವು ಕ್ಷೇಮ. ನಿನ್ನ ಅಣ್ಣ ವಸಂತನಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಈ ವಾರ ಬೆಳಗಿನ ಪಾಳಿ. ದೇವೇಂದ್ರರ ಸಹೋದ್ಯೋಗಿಯೊಬ್ಬರು ರಜೆ ಮುಗಿಸಿ ನಾಳೆ ವಿಮಾನವೇರುವರಾದ್ದರಿಂದ, ಅವರ ಕೈಯಲ್ಲಿ ಈ ಕಾಗದವನ್ನೂ, ಮೊಳಕೆ ಕಟ್ಟಿ ಬೀಸಿದ ರಾಗಿ ಸರಿಹಿಟ್ಟನ್ನೂ ಕಳುಹಿಸುತ್ತಿದ್ದೇನೆ. ಹಿಟ್ಟನ್ನು ನಿನ್ನ ತಾಯಿ ಮೂರು ಬಾರಿ ಜರಡಿ ಹಿಡಿದಿದ್ದಾಳೆ. ನೀನು ಮತ್ತೆ ಹಿಡಿಯಬೇಕಾಗಿಲ್ಲ.

ಪ್ರತಿ ಭಾನುವಾರವೂ ಫೋನಿನಲ್ಲಿ ಮುಖ ಕಾಣುವಾಗ ಕಾಗದವೇಕೆಂದು ನೀನು ಕೇಳಬಹುದು. ಫೋನಿನಲ್ಲಾದರೆ ನಾನು ವಿಷಯವೆತ್ತಿದೊಡನೆ, "ನೆಟ್‌ವರ್ಕ್ ಹೋಗ್ತಿದೆ ಅಪ್ಪಾ, ಆಮೇಲೆ ಮಾಡ್ತೀನಿ" ಎನ್ನುವೆ. ಕಾಗದವನ್ನು ಹಾಗೆ ನಡುವೆ ತುಂಡರಿಸಲಾಗದು.

ಯುಗಾದಿಯಿಂದೀಚೆಗೆ ಷಣ್ಮುಖನ ತಲೆಯ ಮೇಲೆ ಉಣ್ಣೆಯ ಟೋಪಿಯಿಲ್ಲದ ದಿನವನ್ನು ನಾನು ಕಂಡಿಲ್ಲ. "ಎಸಿ ಗಾಳಿ ಅಪ್ಪಾ, ನೆಗಡಿ ಆಗುತ್ತೆ" ಎಂದೆ. ನಾನು ನಂಬಿದೆ, ನಿನ್ನ ತಾಯಿ ನಂಬಲಿಲ್ಲ. "ಕಾವಲಿ ಕಾದಂಗೆ ಕಾಯೋ ಊರಲ್ಲಿ ಕೂಸಿಗೆ ಉಣ್ಣೆ ಟೋಪಿ ಹಾಕವ್ಳೆ, ನೀವು ಪುರಾಣ ಓದ್ಕೊಂಡು ಹೂಂ ಅಂತ ಕೂತಿದೀರ" ಎಂದು ನನ್ನನ್ನೇ ಮೂದಲಿಸಿದಳು. ಕಳೆದ ಭಾನುವಾರ ಮಗುವೇ ಆ ಟೋಪಿಯನ್ನು ಎಳೆದುಹಾಕಿತು. ಬಲಗಿವಿಯ ಮೇಲೆ ಬೋಳಾಗಿದ್ದ ಜಾಗದಲ್ಲಿ ಕೂದಲು ಚಿಗುರಿ ಇನ್ನೂ ಗಿಡ್ಡವಾಗಿತ್ತು. ನಿನ್ನ ಕೈ ಓಡಿಬಂದು ಅದನ್ನು ಮುಚ್ಚಿತು. ಮರುಗಳಿಗೆಯಲ್ಲಿ ಪರದೆ ಕಪ್ಪಾಯಿತು. ಅದಕ್ಕೆ ಮುನ್ನ ನಿನ್ನ ಮುಖವನ್ನು ನಾನು ಕಂಡೆ. ಚಿಕ್ಕಂದಿನಲ್ಲಿ ದೇವರ ಮನೆಯ ದೀಪವನ್ನು ಕೈತಪ್ಪಿ ಬೀಳಿಸಿದ ದಿನ ಇದ್ದ ಮುಖ ಅದು.

ಅಳಿಯಂದಿರನ್ನು ಕೇಳಿದೆ. ಅವರು ತಡವರಿಸುತ್ತಲೇ ಹೇಳಿದರು. ವಾಂತಿಭೇದಿಯಾಗಿ ಕೂಸು ಬಾಡಿಹೋಗಿ, ಕೈಕಾಲುಗಳಲ್ಲೆಲ್ಲೂ ನರ ಸಿಗದೆ, ಆಸ್ಪತ್ರೆಯವರು ತಲೆಯನ್ನು ಅಷ್ಟು ಬೋಳಿಸಿ ಅಲ್ಲಿಗೆ ಸೂಜಿಯಿಟ್ಟು ಔಷಧವಿಳಿಸಿದರಂತೆ. "ಹರಕೆ ಕೂದ್ಲು, ಮುಟ್ಬೇಡಿ ಅಂತ ಕೀರ್ತನಾ ನರ್ಸ್ ಕೈ ಹಿಡ್ಕೊಂಡ್ಬಿಟ್ಳು ಮಾವ. ಆಮೇಲೆ ಮಗು ಮುಖ ನೋಡಿ ತಾನೇ ಬಿಟ್ಳು. ನಾನ್ ಹೇಳ್ದೆ ಅಂತ ಹೇಳ್ಬೇಡಿ" ಎಂದರು. ಹೇಳಿಬಿಟ್ಟಿದ್ದೇನೆ, ಅವರನ್ನು ಗದರಬೇಡ.

ಈ ಮಾತನ್ನು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಿನ್ನ ಮಡಿಲು ತುಂಬಲೆಂದು ಘಾಟಿ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ನಿಂತು, ಹುಟ್ಟುವ ಮಗುವಿನ ಮೊದಲ ಮುಡಿ ನಿನಗೆ ಸ್ವಾಮೀ, ಎಂದು ಬೇಡಿಕೊಂಡವನು ನಾನು. ಅದನ್ನು ಒಪ್ಪಿಸುವವರೆಗೆ ತಲೆಗೆ ಕತ್ತರಿ ಸೋಕದಿರಲೆಂದು ಮಾತುಮಾತಿಗೂ ಎಚ್ಚರಿಸಿದವನೂ ನಾನೇ. ಆ ಎಚ್ಚರಿಕೆಯು ಕಡಲಾಚೆಯ ಆಸ್ಪತ್ರೆಯವರೆಗೂ ನಿನ್ನ ಬೆನ್ನಟ್ಟಿ ಬಂದು, ಮಗುವಿನ ಪ್ರಾಣ ಕೊರಳಿಗೆ ಬಂದಿದ್ದಾಗ ನಿನ್ನ ಕೈಯನ್ನು ಹಿಡಿದೆಳೆಯಿತಲ್ಲ! ಕೇಳು ಮಗಳೇ, ಹರಕೆ ಹೊತ್ತವನು ನಾನು. ಅದನ್ನು ಒಪ್ಪಿಸುವ ಹೊಣೆ ನಿನ್ನದೂ ಅಲ್ಲ, ಕೂಸಿನದೂ ಅಲ್ಲ. ಕೊಟ್ಟ ಮಗುವನ್ನು ಮತ್ತೊಮ್ಮೆ ಉಳಿಸಿಕೊಟ್ಟ ದೇವರು ಅಷ್ಟು ಕೂದಲಿಗಾಗಿ ಮುನಿಯುವನೆಂದು ನಾನು ಓದಿದ ಯಾವ ಪುರಾಣದಲ್ಲಿಯೂ ಇಲ್ಲ.

ದೇವೇಂದ್ರರಿಗೆ ರಜೆ ಸಿಗಲಿಲ್ಲವೆಂದು ನೀನು ಎರಡು ಸಲ ಊರಿಗೆ ಬರುವ ಪ್ರಯಾಣವನ್ನು ಮುಂದೂಡಿದೆ. ರಜೆ ಸಿಕ್ಕಿಯೇ ಇತ್ತೆಂದೂ, ನನ್ನೆದುರು ನಿಲ್ಲುವ ಧೈರ್ಯ ಸಾಲದೆ ನೀನು ಉಳಿದೆಯೆಂದೂ ಅವರಿಂದಲೇ ಈಗ ತಿಳಿಯಿತು. ಷಣ್ಮುಖನು ಹುಟ್ಟಿದ್ದು ಅಲ್ಲಿ, ಬೋರಲು ಬಿದ್ದದ್ದು ಅಲ್ಲಿ, ಅಂಬೆಗಾಲಿಟ್ಟದ್ದೂ ಅಲ್ಲಿಯೇ. ಅವನ ಭಾರವೆಷ್ಟೆಂದು ನನ್ನ ತೋಳಿಗೆ ಇನ್ನೂ ತಿಳಿಯದು. ನಾನು ಬೇಡಿ ಪಡೆದ ಕೂಸನ್ನು ನನ್ನ ಹರಕೆಯೇ ನನ್ನಿಂದ ದೂರವಿಡಬಾರದು. ಇರುವ ತಲೆಯಲ್ಲಿಯೇ ಅವನನ್ನು ಕರೆದುಕೊಂಡು ಬಾ.

ದೇವೇಂದ್ರರಿಗೆ ನನ್ನ ಆಶೀರ್ವಾದ. ಷಣ್ಮುಖನ ಆಯುಸ್ಸು ದೀರ್ಘವಾಗಲಿ, ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ.

ಇಂತು ನಿನ್ನ ತಂದೆ,
ವೆಂಕಟರಮಣಪ್ಪ

ಮತ್ತೊಂದು ಮಾತು: ನಿನ್ನೆ ಮಂಗಳವಾರ, ಪಾಳಿ ಮುಗಿಸಿ ಬಂದ ವಸಂತನ ಗಾಡಿಯಲ್ಲಿ ಘಾಟಿಗೆ ಹೋಗಿಬಂದೆ. ಮುಡಿ ತೆಗೆಯುವ ಪಿಳ್ಳಣ್ಣ, "ಕೂಸೆಲ್ಲಿ ಸ್ವಾಮಿ?" ಎಂದ. ಕೂಸಿನ ಹೆಸರು ಹೇಳಿ ನಾನೇ ಕುಳಿತೆ. "ಈ ವಯಸ್ನಾಗೆ ಇಂಥಾ ಕೂದ್ಲು, ಕತ್ತಿ ಇಡಾಕೆ ಮನಸ್ಸೇ ಬರಾಕಿಲ್ಲ" ಎನ್ನುತ್ತಲೇ ನುಣ್ಣಗೆ ಬೋಳಿಸಿದ. ನಿನ್ನ ತಾಯಿ ಬಾಗಿಲಲ್ಲಿ ನನ್ನನ್ನು ಕಂಡು ಮೊದಲು ನಕ್ಕಳು. ಬಳಿಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪೆಟ್ಟಿಗೆಯಿಂದ ನನ್ನ ಚಳಿಗಾಲದ ಮಂಕಿ ಕ್ಯಾಪ್ ತೆಗೆದುಕೊಟ್ಟಳು. ಭಾನುವಾರ ಅದನ್ನು ತೊಟ್ಟು ಫೋನಿನ ಮುಂದೆ ಕುಳಿತಿರುತ್ತೇನೆ. ನೀನು ಷಣ್ಮುಖನ ಟೋಪಿ ತೆಗೆ, ನಾನು ನನ್ನದನ್ನು ತೆಗೆಯುವೆ.