ಒಗೆಯದೆ ಉಳಿದ ಸಂಚಿಕೆ

ಕೊಕ್ಕರೆಕುದ್ರು ದ್ವೀಪ
ಕ್ರಿ.ಶ. ೨೧೯೧, ಫೆಬ್ರವರಿ ೩೦

ಬಹಳ ಹಿಂದಿನ ಓದುಗ ಮಹಾಶಯರೇ,

ತಾರೀಕು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ನಾವು ಕೊನೆಗೂ ನ್ಯಾಯ ಒದಗಿಸಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಮಾತೂ ನಮಗೆ ಹಾಗೆಯೇ ಕೇಳಿಸುತ್ತದೆ. ನಾನು ಜಲಜಾಕ್ಷಿ, ಈ ದ್ವೀಪದ ಸ್ವತಂತ್ರ ಪತ್ರಿಕೆ ‘ತೆರೆವಾರ್ತೆ’ಯ ಉಪಸಂಪಾದಕಿ.

ನಮ್ಮಲ್ಲಿ ಕಾಗದವಿಲ್ಲ. ಪತ್ರಿಕೆ ಅಚ್ಚಾಗುವುದು ಒಗೆಹಾಳೆಯ ಮೇಲೆ, ಅಂದರೆ ಒಗೆದು ಮತ್ತೆ ಮತ್ತೆ ಅಚ್ಚು ಹಾಕುವ ಬಟ್ಟೆಯ ಮೇಲೆ. ಬೆಳಿಗ್ಗೆ ಗಂಜಿ ಉಂಡು, ನಿನ್ನೆಯ ಹಾಳೆ ಹೆಗಲಿಗೆ ಹಾಕಿಕೊಂಡು ಜನ ದೋಣಿಯಲ್ಲಿ ಕಚೇರಿಗೆ ಬರುತ್ತಾರೆ. ಹಳೆಯದು ಕೊಟ್ಟರೆ ಅದನ್ನೇ ಒಗೆದು ಹೊಸದು ಅಚ್ಚು ಹಾಕಿ ಕೊಡುತ್ತೇವೆ, ನಮ್ಮಲ್ಲಿ ಬೇರೆ ಬಟ್ಟೆ ಇಲ್ಲ. ಆ ಮಸಿ ನಮ್ಮ ಕಚೇರಿಯ ತೊಟ್ಟಿಯಲ್ಲಿ ಮಾತ್ರ ಬಿಡುತ್ತದೆ, ಮನೆಯಲ್ಲಿ ಉಜ್ಜಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಕಳೆದ ವರ್ಷ ನಮ್ಮ ಸಂಪಾದಕಿ ಬೆನೆಡಿಕ್ಟಾ ಬಾಯಿ (ಊರಿಗೆಲ್ಲ ಅವರು ಬರೀ ‘ಬಾಯಿ’) ಒಂದು ಸುದ್ದಿ ಬರೆದರು: ದ್ವೀಪಮಂಡಳಿಯ ಸಿಹಿನೀರಿನ ಸ್ಥಾವರ ಕೆಟ್ಟು ಮನೆಮನೆಗೆ ಉಪ್ಪುನೀರು ಬರುತ್ತಿದೆ, ಅಧ್ಯಕ್ಷರ ಮನೆಗೆ ಮಾತ್ರ ಎಳನೀರು ಹೋಗುತ್ತಿದೆ. ಅಧ್ಯಕ್ಷರಿಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದೊಳಗೆ ಬಾಯಿಯನ್ನು ಹಿಡಿಸಿ ಒಳಗೆ ಹಾಕಿದರು, ಕಚೇರಿಗೆ ಬೀಗ ಜಡಿಸಿದರು. ಮಹಾ ಬುದ್ಧಿವಂತರು! ಬೀಗ ಬಿದ್ದದ್ದು ಒಗೆಯುವ ತೊಟ್ಟಿಗೂ ಎಂದು ಅವರಿಗೆ ಹೊಳೆಯಲೇ ಇಲ್ಲ. ಒಂದು ದಿನ ಬದುಕಬೇಕಿದ್ದ ಸುದ್ದಿ ಊರಲ್ಲೇ ಠಿಕಾಣಿ ಹೂಡಿತು. ಮೀನುಬುಟ್ಟಿಯಡಿಯ ಸಿಂಬಿಯಲ್ಲಿ, ಕಿಟಕಿಯ ಪರದೆಯಲ್ಲಿ, ಮಗುವಿನ ಜೋಲಿಯಲ್ಲಿ, ಕೊನೆಗೆ ಅಧ್ಯಕ್ಷರ ಅತ್ತೆಯ ಸೊಂಟದಲ್ಲೂ ಅದೇ ಉಪ್ಪುನೀರು, ಅದೇ ಎಳನೀರು. ಗಾಬರಿಬಿದ್ದ ಮಂಡಳಿ ತೊಟ್ಟಿ ತೆರೆದು, ಹಾಳೆ ತನ್ನಿ ಎಂದು ಡಂಗುರ ಸಾರಿತು. “ಮೊದಲು ಬಾಯಿಯನ್ನು ಬಿಡಿ, ಮತ್ತೆ ಹಾಳೆ ಕೇಳಿ” ಎಂದು ಜನ ಕಡ್ಡಿ ಮುರಿದಂತೆ ಹೇಳಿದರು. ಬಾಯಿ ತಿರುಗಿ ಬರುವರೋ ಇಲ್ಲವೋ ಎಂಬ ಭಯಕ್ಕೆ ಅಲ್ಲಿಯವರೆಗೂ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಕಳೆದ ವಾರ ಮಂಡಳಿ ಬಾಯಿಯನ್ನು ಬಿಟ್ಟಿತು.

ನಿನ್ನೆ ಸುತ್ತಲಿನ ದ್ವೀಪಗಳ ಪತ್ರಕರ್ತರೆಲ್ಲ ಸೇರಿ, ಪತ್ರಿಕಾ ಸ್ವಾತಂತ್ರ್ಯ ಕಾಪಾಡಿದ್ದಕ್ಕೆ ಬಾಯಿಗೆ ಪದಕ ತೊಡಿಸಿದರು. ನಾನಂತೂ ಗಳಗಳನೆ ಅತ್ತುಬಿಟ್ಟೆ. ಇವತ್ತು ಬೆಳಿಗ್ಗೆ ಆ ಸುದ್ದಿ ಅಚ್ಚು ಹಾಕೋಣವೆಂದರೆ ಹಾಳೆ ಎಲ್ಲಿದೆ? ಊರಿಗೆ ಊರೇ ಬಂದು ನಿಂತಿತು, ಒಬ್ಬರೂ ಹಾಳೆ ಬಿಟ್ಟುಕೊಡಲಿಲ್ಲ. “ಇದೊಂದು ಕೊಡುದಿಲ್ಲ ಬಾಯಿ, ಮೊಮ್ಮಕ್ಕಳಿಗೆ ತೋರಿಸ್ಲಿಕ್ಕುಂಟು” ಎಂದು ಎದೆಗವಚಿಕೊಂಡರು. “ಮಂಡಳಿ ಕೈಲಿ ಆಗದ್ದನ್ನು ನೀವು ಮಾಡ್ತೀರಲ್ಲ ಮಾರಾಯ್ರೆ! ಪತ್ರಿಕೆ ಬಂದ್ ಮಾಡ್ಲಿಕ್ಕೆ ಹೊರಟಿದ್ದೀರಾ?” ಎಂದು ಬಾಯಿ ಚೆನ್ನಾಗಿ ಬೈದರು, ಬೈಯುತ್ತಲೇ ನಕ್ಕು ಕಣ್ಣೊರೆಸಿಕೊಂಡರು.

ಹೊಸ ಬಟ್ಟೆ ನೇಯ್ದು ಬರುವವರೆಗೆ ಈ ಸುದ್ದಿಗೆ ಇಲ್ಲಿ ಜಾಗವಿಲ್ಲ. ನಿಮ್ಮ ಕಾಲದಲ್ಲಿ ಕಾಗದ ರಾಶಿರಾಶಿ ಬಿದ್ದಿರುತ್ತಿತ್ತಂತೆ, ಕಡಲೆಯನ್ನೂ ಅದರಲ್ಲೇ ಕಟ್ಟಿಕೊಡುತ್ತಿದ್ದರಂತೆ. ಹಾಗಾದರೆ ನೀವಾದರೂ ನಮ್ಮ ಬಾಯಿಯ ಸುದ್ದಿಯನ್ನು ಒಂದು ಮೂಲೆಯಲ್ಲಿ ಅಚ್ಚು ಹಾಕಿ. ಹಾಕುವ ಮುಂಚೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳಬೇಡಿ.

ನಿಮ್ಮವಳೇ ಆದ,
ಜಲಜಾಕ್ಷಿ